ಅಪ್‌ಡೇಟ್: ಬಾರ್ಡರ್ ಸೊನ್ನೆ ಹೋಯಿತು, ಕಣದ ಫೋಟೋ ಕೆಳಗೆ ಬಿತ್ತು

ಹೋದ ವಾರ ಕೇಳಿದ್ದೆನಲ್ಲ, ಮೂಡಿಗೆರೆ ಹತ್ತಿರದ ನಮ್ಮ ಚಿಕ್ಕಪ್ಪನ ಹೋಂಸ್ಟೇ ವೆಬ್‌ಸೈಟ್‌ನಲ್ಲಿ ಪ್ರತಿ ಇಮೇಜ್ ಟ್ಯಾಗ್‌ಗೂ (ಪುಟದಲ್ಲಿ ಚಿತ್ರ ಹಾಕುವ ಕೋಡ್) ‘ಬಾರ್ಡರ್ ಸೊನ್ನೆ’, ಅಂದರೆ ಸುತ್ತ ಗೆರೆ ಬೇಡ ಅಂತ ಬರೆದಿದೆ, ತೆಗೆದರೆ ಏನಾದರೂ ಕೆಡುತ್ತಾ ಅಂತ. ತೆಗೆದೆ. ಕೆಟ್ಟಿತು. ಆದರೆ ತಪ್ಪು ನನ್ನದೇ.

ಆ ಸೊನ್ನೆ ಯಾಕೆ ಅಂತ ನೀವು ಹೇಳಿದ್ದು ಸರಿ. ಲಿಂಕ್ ಇರುವ ಚಿತ್ರದ ಸುತ್ತ ಹಳೇ ಬ್ರೌಸರ್‌ಗಳು ನೀಲಿ ಗೆರೆ ಎಳೆಯುತ್ತಿದ್ದವು. ಅದನ್ನು ತಡೆಯೋಕೆ ಈ ಸೊನ್ನೆ. ವೆಬ್‌ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ 1999ರ 4.01 ಆವೃತ್ತಿಯಲ್ಲೇ ಇದನ್ನು ಬಿಡಿ ಅಂತ ಹೇಳಿಯಾಗಿತ್ತು. ಈಗಿನ ಬ್ರೌಸರ್‌ಗಳು ಆ ಗೆರೆ ಎಳೆಯುವುದೇ ಇಲ್ಲ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಚಿಕ್ಕಪ್ಪ, "ಫೋಟೋಗೆ ಒಂದು ಫ್ರೇಮ್ ಇದ್ರೆ ಚೆನ್ನಾಗಿರುತ್ತೆ ಅಲ್ವಾ" ಅಂದರು. ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಎಲ್ಲ ಚಿತ್ರಗಳಿಗೂ 4 ಪಿಕ್ಸೆಲ್ ಬಾರ್ಡರ್ ಕೊಟ್ಟೆ. ಮುಳ್ಳಯ್ಯನಗಿರಿ, ಕಾಫಿ ಹೂವಿನ ಫೋಟೋ ಎರಡೂ ಸಾಲಿನಲ್ಲೇ ಉಳಿದವು. ಕಾಫಿ ಒಣಗಿಸುವ ಕಣದ ಫೋಟೋ ಮಾತ್ರ ದಬಕ್ಕನೆ ಕೆಳಗೆ! ಇರುವ ಜಾಗ 600 ಪಿಕ್ಸೆಲ್. ಅದರಲ್ಲಿ ಫ್ಲೋಟ್ ಮಾಡಿದ, ಅಂದರೆ ಪಕ್ಕಪಕ್ಕ ಕೂರಿಸಿದ, 200 ಅಗಲದ ಮೂರು ಫೋಟೋ. ಎರಡೂ ಬದಿಯ ಬಾರ್ಡರ್ ಸೇರಿ ಒಂದೊಂದೂ 208, ಒಟ್ಟು 624. ಬಾರ್ಡರ್ ಕೂಡ ಆ 200ರ ಒಳಗೇ ಸೇರಲಿ ಅಂತ, ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಅಂತ ಒಂದೇ ಸಾಲು ಸೇರಿಸಿದೆ. ಕಣ ಮೇಲೆ ಬಂದು ಕೂತಿತು.

ಪುಟ್ಟ ಫೋನ್ ಐಕಾನ್‌ಗೂ ಫ್ರೇಮ್ ಬಂದು ವಿಕಾರವಾಗಿತ್ತು. ಹಾಗಾಗಿ ಈಗ ಬಾರ್ಡರ್ ಬೇಕಾದ ಫೋಟೋಗಳಿಗೆ ಮಾತ್ರ ಒಂದು ಕ್ಲಾಸ್ (ಗುರುತಿನ ಹೆಸರು).

ಹುರುಪಿನಲ್ಲಿ ಇಮೇಜ್ ಟ್ಯಾಗ್‌ನ ವಿಡ್ತ್, ಹೈಟ್ (ಅಗಲ, ಎತ್ತರ) ಕೂಡ ಅಳಿಸಲು ಹೊರಟಿದ್ದೆ. ಅವು ಇರಲಿ. ಫೋಟೋ ಬರುವ ಮುಂಚೆ ಬ್ರೌಸರ್ ಜಾಗ ಕಾದಿಡುವುದು ಅವನ್ನು ನೋಡಿಯೇ. ತೋಟದ ಸಿಗ್ನಲ್ ಅಂತೂ ನಿಮಗೆ ಗೊತ್ತೇ ಇದೆ.