ಹಳೆಯ ಕಾರಿಗೆ ಕಡಿಮೆ ಬೆಲೆಯ ಜಿಪಿಎಸ್ ಸಾಧನ ಬೇಕಾಗಿದೆ

ಪ್ರಶ್ನೆ (ವಿಜಯಪುರ): ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಹೋಗುವಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುವುದರಿಂದ, ಐದಾರು ಸಾವಿರ ರೂಪಾಯಿಯೊಳಗೆ ಪ್ರತ್ಯೇಕ ಜಿಪಿಎಸ್ ಸಾಧನ ಕೊಳ್ಳುವುದು ಸೂಕ್ತವೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬೆಳಗಾವಿ): ಹಣ ಖರ್ಚು ಮಾಡುವ ಮೊದಲು ಒಂದು ಸಂಗತಿಯನ್ನು ಗಮನಿಸಿ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಿಮ್ ಇಲ್ಲದ ಫೋನೂ ನೀವಿರುವ ಜಾಗವನ್ನು ಗುರುತಿಸುತ್ತದೆ; ನೆಟ್‌ವರ್ಕ್ ಹೋದಾಗ ಕಾಣದಾಗುವುದು ನಕ್ಷೆ ಮಾತ್ರ. ಆದ್ದರಿಂದ ಮನೆಯಲ್ಲಿ ವೈಫೈ ಇರುವಾಗಲೇ ಗೂಗಲ್ ಮ್ಯಾಪ್ಸ್‌ನಲ್ಲಿ ಪಣಜಿಯವರೆಗಿನ ಆಫ್‌ಲೈನ್ ನಕ್ಷೆಯನ್ನು ಇಳಿಸಿಕೊಂಡು, ಮನೆಯಲ್ಲಿ ಬಿದ್ದಿರುವ ಹಳೆಯ ಫೋನನ್ನು ಹೋಲ್ಡರ್‌ಗೆ ಸಿಕ್ಕಿಸಿದರೆ ಸಾಕು. ವಾಹನ ದಟ್ಟಣೆಯ ಮಾಹಿತಿ ಮಾತ್ರ ಸಿಗುವುದಿಲ್ಲ. ಘಾಟಿನಲ್ಲಿ ಅದು ಅಷ್ಟೇನೂ ಬೇಕಾಗುವುದೂ ಇಲ್ಲ.

ಉತ್ತರ (ಬಾಗಲಕೋಟೆ): ನಾನು ಅಗ್ಗಕ್ಕೆ ಕೊಂಡ ಸಾಧನದ ನಕ್ಷೆ ಎಷ್ಟು ಹಳೆಯದಾಗಿತ್ತೆಂದರೆ, ನವನಗರದ ಡಾಂಬರು ರಸ್ತೆಯಲ್ಲಿ ಕಾರು ಹೋಗುತ್ತಿದ್ದರೂ ಪರದೆಯ ಮೇಲಿನ ಬಾಣದ ಗುರುತು ಬಟ್ಟಬಯಲಿನಲ್ಲಿ ಓಡುತ್ತಿತ್ತು. ನಕ್ಷೆಯನ್ನು ಉಚಿತವಾಗಿ ನವೀಕರಿಸಲು ಬಾರದ ಸಾಧನವನ್ನು ಕೊಳ್ಳಲೇಬೇಡಿ.

ಉತ್ತರ (ವಿಜಯಪುರ): ಫೋನ್ ಬಳಸುವುದಾದರೆ ನಮ್ಮೂರಿನ ಏಪ್ರಿಲ್ ಬಿಸಿಲನ್ನು ಮರೆಯಬೇಡಿ. ಗಾಜಿನ ಹಿಂದೆ ಇಟ್ಟ ಫೋನ್ ಕಾದು ತಾನಾಗಿಯೇ ಆರಿಹೋಗುತ್ತದೆ. ಏಸಿ ಗಾಳಿ ತಾಗುವ ಕಡೆ ಹೋಲ್ಡರ್ ಹಾಕಿಸಿ.