ಹೊಸ ಕೋಚ್ ಆರಿಸಬೇಕು, ದಾಖಲೆ ಹೆಂಗ ಓದೂದು?

ಧಾರವಾಡದಿಂದ ಪ್ರಶ್ನೆ: ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಕೋಚ್ ಬೇಕು. ಕಡೀಕ ಇಬ್ಬರು ಉಳದಾರ. ಒಬ್ಬರು ಎರಡು ಕಪ್ ಗೆಲ್ಲಿಸಿದವರು. 20 ಪಂದ್ಯದಾಗ 11 ಗೆಲುವು, 9 ಸೋಲು. ಇನ್ನೊಬ್ಬರಿಗೆ ಕಪ್ ಇಲ್ಲ. 20ರಾಗ 8 ಗೆಲುವು, 8 ಡ್ರಾ, 4 ಸೋಲು. ರವಿವಾರ ಕಮಿಟಿ ಮೀಟಿಂಗ್ ಐತಿ. ತಿಳಿದವರು ಹೇಳ್ರಿ.

ಹುಬ್ಬಳ್ಳಿ: ಗೆಲುವಿನ ಶೇಕಡಾ ನೋಡಿ ಮೋಸ ಹೋಗಬ್ಯಾಡ್ರಿ. 55 ಮತ್ತ 40 ಅಂದ್ರ ಭಾಳ ಅಂತರ ಅನಸತೈತಿ. ಗೆಲುವಿಗೆ 3, ಡ್ರಾಕ್ಕ 1 ಪಾಯಿಂಟ್ ಹಾಕಿ ಕೂಡಸ್ರಿ: ಒಬ್ಬರದು 33, ಇನ್ನೊಬ್ಬರದು 32. ಪಂದ್ಯಕ್ಕ 1.65 ಮತ್ತ 1.6, ಅಂತರನ ಇಲ್ಲ. ಅವರು ಬರೂಕಿಂತ ಮೊದಲ ಅದೇ ತಂಡ ಎಷ್ಟರ ಮ್ಯಾಲಿತ್ತು, ಅದನ್ನ ಹುಡುಕ್ರಿ. 1.9 ಇದ್ದದ್ದು 1.65ಕ್ಕ ಇಳಿದಿದ್ರ ಆ ಕಪ್ಪಿನಾಗ ಹಳೇ ಆಟಗಾರರ ಪಾಲ ಹೆಚ್ಚು. 1 ಇದ್ದದ್ದು 1.6 ಆಗಿದ್ರ ಅದು ಕೋಚ್ ಕೆಲಸ. ಭಾಳ ಮಂದಿ ಹಿಂದಿನವರ ಕಡೀ ಐದು ಪಂದ್ಯ ಇಟ್ಟುಕೊಂಡು ಹೋಲಸ್ತಾರ, ಅದು ತಪ್ಪು. ಸಾಲಾಗಿ ಸೋತಾಗನ ಕೋಚ್ ಬದಲ್ಸೂದು. ಆಮ್ಯಾಲೆ ಯಾರು ಬಂದ್ರೂ ಒಂದೀಟು ಏರತೈತಿ. ಹಿಂದಿನ ಪೂರಾ ಸೀಸನ್ ತಗೋರಿ, ಹೊಸಬರ ಮೊದಲ 6–8 ಪಂದ್ಯ ಬ್ಯಾರೆ ಇಡ್ರಿ.

ಗದಗ: ಕಪ್ ಹೆಂಗ ಬಂತು ಅಂತನೂ ಕೇಳ್ರಿ. ನಾಕೌಟ್‌ನಾಗ ನಾಲ್ಕೇ ಪಂದ್ಯ ಆಡಿ, ಎರಡು ಟೈಬ್ರೇಕರ್‌ನಾಗ ದಾಟಿದ್ರ ಅದಕ್ಕ ಭಾಳ ತೂಕ ಬ್ಯಾಡ. ಸ್ಕೋರ್ ಶೀಟ್ ಸಿಕ್ಕರ ಗೋಲ್ ಬಿಟ್ಟ ನಿಮಿಷ ಬರ್ಕೊಳ್ರಿ. ಕಡೀ ಕಾಲು ತಾಸಿನಾಗ ಗುಂಪಾಗಿ ಬಿದ್ದಿದ್ರ ಹುಡುಗರ ದಮ್ ಮುಗಿದಿರತೈತಿ, ಇಲ್ಲಾ ಬದಲಿಯವರನ್ನ ತಡಾ ಮಾಡಿ ಇಳಿಸಿರ್ತಾರ. ಬದಲಿ ಇಳಿಸಿದ ನಿಮಿಷನೂ ಅದರಾಗನ ಇರತೈತಿ, ಜೋಡಿಸಿ ನೋಡ್ರಿ. ಕಾರ್ನರ್, ಫ್ರೀ ಕಿಕ್‌ನಾಗನ ಗೋಲ್ ಬಿದ್ದಿದ್ರ ಮಾರ್ಕಿಂಗ್, ಅಂದ್ರ ಎದುರಾಳಿಗೆ ಅಂಟಿ ನಿಂತು ತಡೆಯೂದು, ಕಲಿಸಿಲ್ಲ.

ಹಾವೇರಿ: ಎಷ್ಟು ಪಂದ್ಯದ ದಾಖಲೆ ಅನ್ನೂದೂ ಮುಖ್ಯ. ಕ್ಲಾಡಿಯೊ ರನಿಯೇರಿ 2014ರಾಗ ಗ್ರೀಸ್ ತಂಡಕ್ಕ ನಾಲ್ಕೇ ಪಂದ್ಯ ಕೋಚ್ ಇದ್ರು. ತಮ್ಮ ನೆಲದಾಗ ಫೆರೋ ದ್ವೀಪದವರ ಕೈಲೆ 0–1 ಸೋತ ಮ್ಯಾಲೆ ತೆಗೆದ್ರು. ಆ ನಾಲ್ಕನ್ನ ಅಷ್ಟ ತೂಗಿದ್ರ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿನವರು ಅವರನ್ನ ಕರೀತಿದ್ದಿಲ್ಲ. 2015–16ರಾಗ 38 ಪಂದ್ಯಕ್ಕ 81 ಪಾಯಿಂಟ್ ಮಾಡಿ ಪ್ರೀಮಿಯರ್ ಲೀಗ್ ಗೆದ್ರು. ಡೇವಿಡ್ ಮೊಯೆಸ್‌ದು ಉಲ್ಟಾ: ಎವರ್ಟನ್‌ನಾಗ 11 ವರ್ಷ ನಿಂತವರು, ಮ್ಯಾಂಚೆಸ್ಟರ್ ಯುನೈಟೆಡ್‌ನಾಗ ಒಂದು ಸೀಸನ್ ಮುಗಿಯೂದ್ರಾಗ, 2014ರ ಏಪ್ರಿಲ್‌ನಾಗ, ಹೊರಗ ಬಂದ್ರು. ತಂಡ ಬ್ಯಾರೆ ಆದ್ರ ದಾಖಲೆ ಹಿಂದ ಬರೂದಿಲ್ಲ. ರನಿಯೇರಿ ಕಡೆ ಜೋರು ಓಡೂ ಜೇಮಿ ವಾರ್ಡಿ ಇದ್ರು. ಹಿಂದ ಗಟ್ಟಿ ನಿಂತು ಚೆಂಡು ಕಸಕೊಂಡು ಅವರ ಮುಂದ ಒಗೆಯೂ ಆಟ ಹೊಂದಿತು. ನಿಮ್ಮ ಹುಡುಗರಾಗ ಯಾರ ಕಸುವು ಏನು, ಮೊದಲ ಅದನ್ನ ಬರೀರಿ.

ಧಾರವಾಡ: ಕೋಚಿಂಗ್ ಲೈಸೆನ್ಸ್‌ಗೆ ಎಷ್ಟು ತೂಕ ಕೊಡೂದು ಸರ? ಒಬ್ಬರದು ಡಿ, ಇನ್ನೊಬ್ಬರದು ಸಿ.

ಹುಬ್ಬಳ್ಳಿ: ಡಿ ಆದ ಮ್ಯಾಲೆ ಸಿ, ಬಿ, ಎ. ಕೋರ್ಸ್ ಮುಗಿಸ್ಯಾರ ಅನ್ನೂದಕ್ಕ ಪುರಾವೆ, ಅಷ್ಟ. ಇಬ್ಬರಿಗೂ 16 ಹುಡುಗರನ್ನ ಕೊಟ್ಟು ಒಂದೊಂದು ತಾಸು ಪ್ರಾಕ್ಟೀಸ್ ಮಾಡಸ್ರಿ. ಒಬ್ಬ ಹುಡುಗನ ಮ್ಯಾಲೆ ಕಣ್ಣಿಟ್ಟು, ಎಷ್ಟು ಸಲ ಚೆಂಡು ಮುಟ್ಟಿದ, ಎಷ್ಟು ನಿಮಿಷ ಪಾಳಿಯಾಗ ಸುಮ್ನ ನಿಂತ, ಗಡಿಯಾರ ಹಿಡದು ಬರ್ಕೊಳ್ರಿ. ಹಳೇ ಕ್ಲಬ್ಬಿಗೆ ಫೋನ್ ಮಾಡಿದಾಗ ಕ್ಯಾಪ್ಟನ್‌ನ ಅಷ್ಟ ಅಲ್ಲ, ಬೆಂಚ್ ಮ್ಯಾಲೆ ಕುಂತ ಹುಡುಗನ್ನೂ ಕೇಳ್ರಿ: ‘ನಿನ್ನ ಯಾಕ ಆಡಸ್ಲಿಲ್ಲ ಅಂತ ಕೋಚ್ ಹೇಳಿದ್ರೇನಪ್ಪಾ?’