ಸಹಾಯ ಬೇಕು: ಗಂಟಲು ನೋವಿಲ್ಲದಿದ್ದರೂ ಸ್ಟ್ರೆಪ್ ಟೆಸ್ಟ್ ಪಾಸಿಟಿವ್

ನಮಸ್ಕಾರ. ಗುಂಪಿನಲ್ಲಿ ಡಾಕ್ಟರು, ಲ್ಯಾಬಿನವರು ಇದ್ದರೆ ದಯವಿಟ್ಟು ಹೇಳಿ. ಮಗಳಿಗೆ ಸ್ಟ್ರೆಪ್ (ಒಂದು ಬಗೆಯ ಬ್ಯಾಕ್ಟೀರಿಯಾ) ಗಂಟಲು ಸೋಂಕು, ಆಂಟಿಬಯೋಟಿಕ್ ಕೊಡ್ತಾ ಇದೀವಿ, ಜ್ವರ ಇಳಿದಿದೆ. ನನಗೆ, ನಮ್ಮ ಯಜಮಾನರಿಗೆ ಏನೂ ಇಲ್ಲ. ಆದರೂ ಕ್ಲಿನಿಕ್‌ನಲ್ಲಿ ಮುನ್ನೆಚ್ಚರಿಕೆಗೆ ಅಂತ ಇಬ್ಬರ ಗಂಟಲಿಂದಲೂ ಸ್ವಾಬ್ ತೆಗೆದರು. ಸ್ವಲ್ಪ ಹೊತ್ತಲ್ಲೇ ನನ್ನ ಟೆಸ್ಟ್ ಪಟ್ಟಿಯಲ್ಲಿ ಎರಡನೇ ಗೆರೆ ತೆಳ್ಳಗೆ ಮೂಡಿತು, ಅಂದರೆ ಪಾಸಿಟಿವ್. 10 ದಿನ ಮಾತ್ರೆ ತಗೊಳ್ಳಿ ಅಂದರು.

ಈ ಟೆಸ್ಟ್ ಬ್ಯಾಕ್ಟೀರಿಯಾ ಇದೆ ಅಂತ ಹೇಳುತ್ತೆ, ಅದು ಸುಮ್ಮನೆ ಗಂಟಲಲ್ಲಿ ಕೂತಿದೆಯಾ ಅಥವಾ ಕಾಯಿಲೆ ತಂದಿದೆಯಾ ಅಂತ ಹೇಳಲ್ಲ ಅಲ್ವಾ? ದೊಡ್ಡವರ ಗಂಟಲು ನೋವಲ್ಲೇ ಸ್ಟ್ರೆಪ್ ಇರೋದು ಸುಮಾರು 10% ಅಷ್ಟೇ ಅಂತೆ. ಮನೆಯಲ್ಲಿ ಯಾರಿಗಾದರೂ ರುಮ್ಯಾಟಿಕ್ ಜ್ವರ (ಸ್ಟ್ರೆಪ್ ಸೋಂಕಿನ ನಂತರ ಬಂದು ಹೃದಯಕ್ಕೆ ಹಾನಿ ಮಾಡಬಲ್ಲ ಕಾಯಿಲೆ) ಬಂದಿದ್ದರೆ ಮಾತು ಬೇರೆ, ನಮ್ಮಲ್ಲಿ ಯಾರಿಗೂ ಇಲ್ಲ. ಬೇಡದ ಮಾತ್ರೆ ನುಂಗೋಕೆ ಮನಸ್ಸಿಲ್ಲ, ಮಗಳಿಗೆ ಮತ್ತೆ ಅಂಟಿಸಿಬಿಟ್ಟರೆ ಅನ್ನೋ ಸಂಕಟವೂ ಬಿಡ್ತಿಲ್ಲ. ನಾಳೆ ಇನ್ನೊಬ್ಬ ಡಾಕ್ಟರನ್ನ ನೋಡ್ತೀನಿ. ಅವರ ಹತ್ತಿರ ಏನೇನು ಕೇಳಲಿ?